ಹೊಂಡಕ್ಕೆ ಹಾರಿದವನು

"ಭಾವ, ತಿರುಗಬೇಡಿ," ನಾದಿನಿ ತುಟಿ ಅಲ್ಲಾಡಿಸದೆ ಹೇಳಿದಳು. "ಟೀವಿಯಲ್ಲಿ ಹವಾಮಾನ ಓದ್ತಾಳಲ್ಲ, ಅವಳು ನಿಮ್ಮ ಬೆನ್ನ ಹಿಂದೇನೇ ಇದ್ದಾಳೆ."

ತಿರುಗಬೇಡ ಎಂದರೆ ತಿರುಗುವುದು ಕತ್ತಿನ ಸ್ವಭಾವ. ಹವಾಮಾನದ ಹೆಂಗಸು ಮೊಣಕೈವರೆಗೆ ಇಳಿದ ಐಸ್‌ಕ್ರೀಮನ್ನು ಕಾಗದದಿಂದ ಒರೆಸಿಕೊಳ್ಳುತ್ತಿದ್ದಳು. ಅವನ ಕಡೆ ಒಮ್ಮೆ ನೋಡಿದಳು. ಯಾರೂ ಅಲ್ಲ ಎಂದು ಖಾತ್ರಿಯಾದ ಮೇಲೆ ಮತ್ತೆ ಮೊಣಕೈ ಒರೆಸತೊಡಗಿದಳು.

"ನೋಡಿದಳು! ಭಾವನ್ನ ನೋಡಿದಳು! ಲೆಕ್ಕಕ್ಕೆ ಬಂತು," ಎಂದು ನಾದಿನಿ ಕುಣಿದಳು.

ಅದು ಅವಳೇ ಮಾಡಿದ ಕಾನೂನು. ದೊಡ್ಡ ಹೆಸರಿನವರನ್ನು ನಾವು ನೋಡಿದರೆ ಸಾಲದು, ಅವರೂ ನಮ್ಮನ್ನು ನೋಡಬೇಕು. ಆಗ ಮಾತ್ರ ಕಂಡ ಹಾಗೆ. ವರ್ಷಕ್ಕೊಮ್ಮೆ ಈ ಬಡಾವಣೆಯಲ್ಲಿ ಎರಡು ದಿನ ಕಲಾಮೇಳ ನಡೆಯುತ್ತದೆ. ಶಾಲೆಯ ಸಭಾಂಗಣದಲ್ಲಿ ನೃತ್ಯ, ರಸ್ತೆ ಬದಿಯ ಮರಗಳ ಕೆಳಗೆ ಚಿತ್ರಗಳು, ಬ್ಯಾಂಕಿನ ಮೆಟ್ಟಿಲ ಮೇಲೆ ಪಿಟೀಲು. ನಾದಿನಿ ಬ್ಯಾಗು ತೂಗುಹಾಕಿಕೊಂಡು ಹಿಂದಿನ ದಿನವೇ ಅಕ್ಕನ ಮನೆಗೆ ಬಂದಿಳಿಯುತ್ತಾಳೆ. ಕಲೆ ನೋಡುವುದಕ್ಕಲ್ಲ, ಕಲೆ ನೋಡಲು ಬಂದವರನ್ನು ನೋಡುವುದಕ್ಕೆ.

ಅವನ ಹೆಂಡತಿ ಇದನ್ನೆಲ್ಲ ಮಕ್ಕಳಾಟ ಎನ್ನುತ್ತಿದ್ದಳು. ಎನ್ನುತ್ತಲೇ ಮೈಯೆಲ್ಲ ಕಣ್ಣಾಗಿ ನಡೆಯುತ್ತಿದ್ದಳು. ಮಗಳು ಗುಬ್ಬಿ ಮಾತ್ರ ಇವತ್ತು ಯಾರನ್ನೂ ಹುಡುಕುತ್ತಿರಲಿಲ್ಲ. ಮಕ್ಕಳ ಚಿತ್ರ ಸ್ಪರ್ಧೆಯಲ್ಲಿ ಅವಳಿಗೆ ಸಮಾಧಾನಕರ ಬಹುಮಾನ ಬಂದಿತ್ತು. ಬಹುಮಾನ ಕೊಡಲು ಹೆಸರಾಂತ ನಟನೊಬ್ಬ ಬರುತ್ತಾನೆ ಎಂದು ಬೆಳಗಿನಿಂದ ಮೈಕಿನಲ್ಲಿ ಕೂಗುತ್ತಿದ್ದರು.

ಅವನು ಬೆಳಗಿನಿಂದ ಮನೆಗೆ ಮರಳಲು ನೆಪ ಹುಡುಕುತ್ತಿದ್ದುದು ಆ ನಟನಿಂದಲೇ.

ಆಗಿದ್ದು ಇಷ್ಟು. ಮದುವೆಯಾದ ಹೊಸದರಲ್ಲಿ ಟೀವಿಯಲ್ಲಿ ನಟನ ಮುಖ ಕಂಡಾಗ ಅವನು, "ಇವನು ನಮ್ಮ ಕಾಲೇಜು," ಎಂದಿದ್ದ. ಅದು ನಿಜ. ನಟ ಅವನಿಗಿಂತ ಮೇಲಿನ ತರಗತಿಯಲ್ಲಿದ್ದ, ಓದು ಅರ್ಧಕ್ಕೆ ಬಿಟ್ಟು ನಾಟಕದವರ ಬೆನ್ನು ಹತ್ತಿದ. ಹೆಂಡತಿ ತವರಿನಲ್ಲಿ ಅದನ್ನು ಹೇಳುವಾಗ 'ಒಂದೇ ಹಾಸ್ಟೆಲ್' ಎಂದಳು. ಅದೂ ನಿಜ. ಬರಬರುತ್ತ ಅದು 'ಒಂದೇ ಸಾಲಿನ ಕೋಣೆ'ಯಾಯಿತು. ಗುಬ್ಬಿ ಹುಟ್ಟುವ ಹೊತ್ತಿಗೆ 'ಒಂದೇ ಕೋಣೆ'ಯಾಗಿ ನೆಲೆ ನಿಂತಿತು. ಹೆಂಡತಿ ಸುಳ್ಳು ಹೇಳುವವಳಲ್ಲ. ಅವಳ ಕೈಯಲ್ಲಿ ಗಿಡ, ಮಗು, ಮಾತು ಎಲ್ಲವೂ ಸ್ವಲ್ಪ ಮೈತುಂಬಿಕೊಳ್ಳುತ್ತವೆ, ಅಷ್ಟೇ. ತಿದ್ದಬೇಕೆಂದು ಅವನು ಪ್ರತಿ ಸಲವೂ ಬಾಯಿ ತೆರೆಯುತ್ತಿದ್ದ. ತೆರೆದ ಬಾಯಿಗೆ ಯಾರಾದರೂ ಕಾಫಿ ಕೊಡುತ್ತಿದ್ದರು.

ಹೀಗೆ ಅವನು ಒಂದು ಸುಳ್ಳನ್ನೂ ಹೇಳದೆ ಸುಳ್ಳುಗಾರನಾಗಿದ್ದ.

ನಿನ್ನೆ ನಟನ ಕಾರು ಬಂತೆಂದು ಎಲ್ಲರೂ ಎದ್ದುಬಿದ್ದು ಓಡಿದಾಗ ಅವನು ತಲೆನೋವೆಂದು ಮನೆಯಲ್ಲೇ ಉಳಿದಿದ್ದ. ಇವತ್ತು ಮಗಳ ಬಹುಮಾನ. ಎರಡನೇ ದಿನದ ತಲೆನೋವನ್ನು ಹೆಂಡತಿಯಾದವಳು ನಂಬುವುದಿಲ್ಲ.

"ಅಪ್ಪ, ಅವರು ನಿನ್ನ ಗುರುತು ಹಿಡೀತಾರಾ?" ಗುಬ್ಬಿ ಕೇಳಿದಳು.

"ಬಹಳ ವರ್ಷ ಆಯ್ತಲ್ಲ ಪುಟ್ಟಾ."

"ಒಂದೇ ಕೋಣೆಯಲ್ಲಿ ಇದ್ದವರನ್ನ ಮರೀತಾರಾ?"

"ಅವರಿಗೆ ದಿನಾ ಎಷ್ಟು ಜನ ಸಿಗ್ತಾರೆ!"

"ನಿನಗೂ ಸಿಗ್ತಾರೆ," ಎಂದಳು ಗುಬ್ಬಿ. ಅದೂ ನಿಜವೇ. ಅವನು ಕಣ್ಣಾಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ದಿನವಿಡೀ ಕತ್ತಲೆ ಕೋಣೆಯಲ್ಲಿ ಗಾಜು ಬದಲಿಸಿ ಬದಲಿಸಿ, 'ಈಗ ಸ್ಪಷ್ಟವೋ, ಮೊದಲು ಸ್ಪಷ್ಟವಿತ್ತೋ?' ಎಂದು ಕೇಳುವುದು ಅವನ ಕೆಲಸ. ಬಂದವರಲ್ಲಿ ಅರ್ಧ ಜನ, ತಪ್ಪು ಉತ್ತರ ಕೊಟ್ಟರೆ ಡಾಕ್ಟರಿಗೆ ಬೇಜಾರಾದೀತೆಂದು, ಏನೂ ಕಾಣದಿದ್ದರೂ ಸ್ಪಷ್ಟ ಸ್ಪಷ್ಟ ಎನ್ನುತ್ತಾರೆ. ಅಂಥವರ ದನಿ ಅವನಿಗೆ ಚೆನ್ನಾಗಿ ಗೊತ್ತು.

ಬಹುಮಾನದ ಸಮಾರಂಭ ಬೇಗ ಮುಗಿಯಿತು. ನಟ ಗುಬ್ಬಿಯ ಕೈಗೆ ಬಣ್ಣದ ಡಬ್ಬಿ ಕೊಟ್ಟು, ಅವಳ ತಲೆ ಸವರಿ, ಮುಂದಿನ ಮಗುವಿನ ತಲೆ ಸವರಿದ. ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಕೂತಿದ್ದ ಅವನು ಉಸಿರು ಬಿಟ್ಟ. ಇನ್ನೇನು ಎದ್ದು ಮನೆಗೆ ಹೋಗುವುದು. ನಾಳೆಯಿಂದ ಮತ್ತೆ ಕತ್ತಲೆ ಕೋಣೆ.

ಆದರೆ ನಾದಿನಿ ಸುಮ್ಮನಿರುವ ಜಾತಿಯಲ್ಲ. ವೇದಿಕೆಯ ಹಿಂದೆ ಒಂದು ತರಗತಿ ಕೋಣೆ. ಅಲ್ಲಿ ನಟನನ್ನು ಕೂರಿಸಿದ್ದರು. ಬಾಗಿಲಲ್ಲಿ ನಿಂತಿದ್ದ ಸಂಘಟಕನಿಗೆ ಅವಳು ಅದೇನು ಹೇಳಿದಳೋ, ಅವನು ಬದಿಗೆ ಸರಿದ. ಮರುಕ್ಷಣ ಅವಳ ಕೈ ಭಾವನ ರಟ್ಟೆ ಹಿಡಿದಿತ್ತು. ಹಿಂದಿನಿಂದ ಹೆಂಡತಿ, ಅವಳ ಹಿಂದೆ ಬಣ್ಣದ ಡಬ್ಬಿ ಅಪ್ಪಿಕೊಂಡ ಗುಬ್ಬಿ. ಅವನಿಗೆ ಈಗಲೇ ಹೇಳಿಬಿಡಲೇ ಎನ್ನಿಸಿತು. ಹೇಳಲು ಜಾಗವಿರಲಿಲ್ಲ, ಅಷ್ಟು ಜನ.

"ಸಾರ್, ನಮ್ಮ ಭಾವ!" ನಾದಿನಿ ಕೂಗಿದಳು. "ನಿಮ್ಮ ಹಾಸ್ಟೆಲ್ಲು!"

ನಟ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತಿದ್ದ. ತೆರೆಯ ಮೇಲಿಗಿಂತ ಗಿಡ್ಡ, ಕುತ್ತಿಗೆಯಲ್ಲಿ ಮೇಕಪ್ಪಿನ ಗೆರೆ. ಅವನು ತಲೆಯೆತ್ತಿ ನೋಡಿದ. ಕಣ್ಣು ಕಿರಿದು ಮಾಡಿದ, ಗೋಡೆಯ ಮೇಲಿನ ಕೊನೆಯ ಸಾಲಿನ ಅಕ್ಷರ ಓದಲು ಹೆಣಗುವ ರೋಗಿಯ ಹಾಗೆ. ಮುಗಿಯಿತು, ಎಂದುಕೊಂಡ ಅವನು. ಒಂದು ಥರ ಸಮಾಧಾನವೂ ಆಯಿತು.

"ಕಪ್ಪೆ!" ನಟ ಕೂಗಿದ.

ಅವನು ಹಿಂದೆ ತಿರುಗಿ ನೋಡಿದ. ಹಿಂದೆ ಕರಿಹಲಗೆ ಇತ್ತು.

"ಏ ಕಪ್ಪೆ, ನೀನೇ ಅಲ್ವೇನೋ! ಎಲ್ಲಿ ಸತ್ತಿದ್ದೆಯೋ ಇಷ್ಟು ದಿನ?" ನಟ ಬೆಂಚಿನಿಂದ ಎದ್ದು ಬಂದು ಅವನನ್ನು ಅಪ್ಪಿಕೊಂಡ. ಸೆಂಟಿನ ವಾಸನೆ, ಬೆವರಿನ ವಾಸನೆ. ಅಪ್ಪಿಕೊಂಡವನ ಮೈ ನಡುಗುತ್ತಿತ್ತು. ಅದು ನಟನೆ ಎಂದು ಹೇಳಲು ಅವನಿಗೆ ಧೈರ್ಯ ಸಾಲಲಿಲ್ಲ.

"ಇದು ಯಾರು ಅಂತ ಗೊತ್ತೇನ್ರಪ್ಪಾ ನಿಮಗೆ?" ನಟ ಕೋಣೆಗೆಲ್ಲ ಕೇಳುವಂತೆ ಹೇಳತೊಡಗಿದ. "ನಮ್ಮ ಹಾಸ್ಟೆಲ್ ಹಿಂದೆ ಒಂದು ಕಲ್ಲುಕ್ವಾರಿ ಹೊಂಡ. ಕಾಲು ಜಾರಿ ಬಿದ್ದೆ ನಾನು. ನನಗೋ ಈಜು ಬರಲ್ಲ. ದಡದಲ್ಲಿ ದನದ ಹಿಂಡಿನ ಹಾಗೆ ಜನ, ಒಬ್ಬನೂ ಅಲ್ಲಾಡಲಿಲ್ಲ. ಇವನು ಹಾರಿದ! ಇವನೊಬ್ಬನೇ! ಕೂದಲು ಹಿಡಿದು ಎಳೆದು ತಂದು ಹಾಕಿದ. ಕಣ್ಣು ಬಿಟ್ಟರೆ ಮೇಲೆ ಇದೇ ಮುಖ, ಇದೇ ಕನ್ನಡಕ. ಇವತ್ತು ನಾನು ನಿಮ್ಮ ಮುಂದೆ ನಿಂತಿದ್ದೀನಿ ಅಂದ್ರೆ, ಅದು ಇವನು ಕೊಟ್ಟ ಜೀವ ಕಣ್ರಿ."

ಯಾರೋ ಚಪ್ಪಾಳೆ ತಟ್ಟಿದರು. ಫೋನುಗಳು ಮೇಲೆದ್ದವು. ಅವನು ಕನ್ನಡಕ ಸರಿಮಾಡಿಕೊಂಡ.

"ಒಂದೇ ಕೋಣೆಯಲ್ಲಿ ಇದ್ರಂತಲ್ಲ ನೀವಿಬ್ಬರೂ?" ಹೆಂಡತಿ ಕೇಳಿದಳು. ಅವಳ ದನಿಯಲ್ಲಿ ಅವನು ಎಂದೂ ಕೇಳದ ಒಂದು ಒದ್ದೆ ಇತ್ತು.

"ಕೋಣೆ ಏನು ಬಂತಮ್ಮ," ನಟ ನಕ್ಕ. "ಜೀವವೇ ಒಂದು." ಆಮೇಲೆ ಅವನ ಭುಜ ಅಲುಗಿಸಿ, "ಅಮ್ಮ ಹೇಗಿದ್ದಾರೋ? ನಾನು ಮಲಗಿದ್ದ ಆಸ್ಪತ್ರೆಗೆ ನೀನಂತೂ ಬರಲಿಲ್ಲ, ನಾಚಿಕೆ ಬುರುಕ. ಅಮ್ಮ ಹೊದಿಕೆ ತಂದುಕೊಟ್ಟಿದ್ದರು. ಮರೀತೀನಾ?"

ಅವನ ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಕೊನೆಯ ದಿನಗಳಲ್ಲಿ ಅವರ ಹಾಸಿಗೆ ಬದಲಿಸಿದವಳು, ಬಾಯಿಗೆ ನೀರು ಬಿಟ್ಟವಳು ಹೆಂಡತಿ. ಅವಳು ಅವನ ಎಡಗಡೆಯಲ್ಲೇ ನಿಂತಿದ್ದಳು.

"ಚೆನ್ನಾಗಿದ್ದಾರೆ," ಎಂದ ಅವನು.

ಆ ದನಿ ಅವನಿಗೆ ಗೊತ್ತಿತ್ತು. ಏನೂ ಕಾಣದೆ ಸ್ಪಷ್ಟ ಎನ್ನುವವರ ದನಿ.

"ಕೇಳಿದೆ ಅಂತ ಹೇಳು."

"ಹೇಳೋಣ," ಎಂದ. ನಟನಿಗೆ 'ನೀನು' ಎನ್ನಬೇಕೋ 'ನೀವು' ಎನ್ನಬೇಕೋ ತಿಳಿಯದೆ, ಎರಡೂ ಬೇಡದ ಮಾತನ್ನು ಹುಡುಕಿ ಹುಡುಕಿ ಆಡುತ್ತಿದ್ದ. ಸಂಘಟಕ ಬಂದು ಗಡಿಯಾರ ತೋರಿಸಿದ. ಎಲ್ಲರೂ ಸೇರಿ ಫೋಟೋ ಆಯಿತು. ನಟ ಹೊರಟ. ಬಾಗಿಲ ಹತ್ತಿರ ತಿರುಗಿ ಕೈ ಬೀಸಿದ. ಕೈ ಬೀಸಿದ್ದು ಯಾರಿಗೆ ಎಂದು ಅವನಿಗೆ ಖಾತ್ರಿಯಾಗಲಿಲ್ಲ.

ಕಪ್ಪೆ ಎಂಬ ಹುಡುಗನೊಬ್ಬ ಇದ್ದ. ಮೂಲೆಯ ಕೋಣೆ, ಸಣಕಲು ಮೈ, ಯಾರೊಡನೆಯೂ ಮಾತಿಲ್ಲ. ಚಳಿಯಿರಲಿ ಗಾಳಿಯಿರಲಿ ಬೆಳಿಗ್ಗೆ ಎದ್ದು ಹೊಂಡದಲ್ಲಿ ಈಜುತ್ತಿದ್ದ. ಅವನ ಒದ್ದೆ ಟವೆಲು ಮೊಗಸಾಲೆಯ ತಂತಿಯ ಮೇಲೆ ಸದಾ ತೂಗುತ್ತಿತ್ತು. ಒಂದು ರಜೆಗೆ ಊರಿಗೆ ಹೋದವನು ಮತ್ತೆ ಬರಲಿಲ್ಲ. ಯಾಕೆಂದು ಯಾರೂ ಕೇಳಲೂ ಇಲ್ಲ.

ಆ ದಿನ ಹಾರಿದವನು ಕಪ್ಪೆ. ಹಾರುವ ಮುಂಚೆ ಅಂಗಿ ಬಿಚ್ಚಿ ಪಕ್ಕದಲ್ಲಿದ್ದವನ ಕೈಗೆ ತುರುಕಿದ್ದ. ಪಕ್ಕದಲ್ಲಿದ್ದವನು ಇವನು. ದನದ ಹಿಂಡಿನಲ್ಲಿ ಒಬ್ಬ. ಅಂಗಿ ಹಿಡಿದುಕೊಂಡು ನಿಂತಿದ್ದ. ನಟನನ್ನು ದಡಕ್ಕೆ ಎಳೆದು ಹಾಕಿ ಕಪ್ಪೆ ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದಾಗ, ಇವನು ಬಗ್ಗಿ ನಟನ ಮುಖ ನೋಡಿದ್ದ. ಸತ್ತಿದ್ದಾನೋ ಬದುಕಿದ್ದಾನೋ ಎಂಬ ಕುತೂಹಲ, ಅಷ್ಟೇ. ನಟ ಅದೇ ಕ್ಷಣಕ್ಕೆ ಕಣ್ಣು ಬಿಟ್ಟ.

ಹಾಗಾದರೆ ನಟ ಸುಳ್ಳು ಹೇಳಲಿಲ್ಲ. ಅವನು ಕಂಡದ್ದು ಇದೇ ಮುಖವನ್ನೇ. ನಾದಿನಿಯ ಕಾನೂನಿನ ಪ್ರಕಾರ ಅದು ಲೆಕ್ಕಕ್ಕೂ ಬರುತ್ತದೆ. ಕಪ್ಪೆಯ ಅಂಗಿಯನ್ನು ವಾಪಸ್ಸು ಕೊಟ್ಟೆನೇ? ಅದೊಂದು ಮಾತ್ರ ಎಷ್ಟು ತಡಕಿದರೂ ನೆನಪಾಗಲಿಲ್ಲ.

ಬೀದಿಗೆ ಬಂದಾಗ ನಾದಿನಿಯ ಮುಖ ಊರಗಲವಾಗಿತ್ತು. "ಅಲ್ಲ ಭಾವ, ಇಂಥ ದೊಡ್ಡ ಸಂಗತಿ ಹೊಟ್ಟೆಯಲ್ಲಿ ಇಟ್ಕೊಂಡು ಇಷ್ಟು ವರ್ಷ ಪಾತ್ರೆ ತೊಳ್ಕೊಂಡು ಇದ್ರಲ್ಲ! ಅಕ್ಕ, ನಿನಗಾದ್ರೂ ಹೇಳಿದ್ರಾ?"

"ಇವರು ಏನು ಹೇಳ್ತಾರೆ," ಎಂದಳು ಹೆಂಡತಿ. ಎಂದವಳು ಅವನ ತೋಳಿನೊಳಗೆ ಕೈ ಹಾಕಿದಳು. ನಡುಬೀದಿಯಲ್ಲಿ, ನೆರೆಹೊರೆಯವರು ನೋಡುತ್ತಿರುವಾಗ. ಅವಳು ಹಾಗೆ ನಡೆದು ಎಷ್ಟು ಕಾಲವಾಗಿತ್ತೋ. ಅವನಿಗೆ ಖುಷಿಯಾಯಿತು. ನಾಚಿಕೆಯಾಗುವಷ್ಟು ಖುಷಿ. ಆ ಕೈ ಯಾರ ತೋಳಿನ ಮೇಲಿದೆ ಎಂದು ಯೋಚಿಸಬಾರದೆಂದು ಅವನು ಹೆಜ್ಜೆ ನಿಧಾನ ಮಾಡಿದ.

"ಅಪ್ಪ," ಎಂದಳು ಗುಬ್ಬಿ. "ನಿನಗೆ ಈಜು ಬರಲ್ಲ ಅಂತಿದ್ದೆ."

"ಆಗ ಬರ್ತಿತ್ತು."

"ಈಜು ಮರೆತು ಹೋಗುತ್ತಾ?"

"ಮೈ ಮರೆಯುತ್ತೆ."

"ನಮ್ಮ ಮೇಷ್ಟ್ರು ಒಂದ್ಸಲ ಕಲಿತರೆ ಮರೆಯಲ್ಲ ಅಂತಾರೆ."

"ನಿಮ್ಮ ಮೇಷ್ಟ್ರಿಗೆ ಇನ್ನೂ ಚಿಕ್ಕ ವಯಸ್ಸು."

ಗುಬ್ಬಿ ಅವನನ್ನು ಓರೆಗಣ್ಣಿನಿಂದ ನೋಡುತ್ತಿದ್ದ ರೀತಿಯೇ ಬೇರೆಯಾಗಿತ್ತು. ಮನೆಗೆ ಹೊಸದಾಗಿ ಬಂದ ದೊಡ್ಡ ನಾಯಿಯನ್ನು ಮುಟ್ಟಲೋ ಬೇಡವೋ ಎಂದು ನೋಡುವ ಹಾಗೆ. ಆಮೇಲೆ ಕೇಳಿದಳು: "ಹಾರಿದಾಗ ಕನ್ನಡಕ ಬೀಳಲಿಲ್ವಾ?"

ತೋಳಿನ ಮೇಲಿದ್ದ ಹೆಂಡತಿಯ ಕೈ ಒಂದು ಗಳಿಗೆ ಬಿಗಿಯಾಯಿತು.

"ದಾರ ಕಟ್ಟಿದ್ದೆ," ಎಂದ ಅವನು. ಹೇಳಿದ ಮೇಲೆ ದಾರವೂ ಕಂಡಿತು. ಕಪ್ಪು ದಾರ, ಕಿವಿಯ ಹಿಂದೆ ಗಂಟು. ಅದರ ಬೆನ್ನಿಗೇ ನೀರೂ ಬಂತು. ಎದೆಗೆ ಬಡಿದ ತಣ್ಣನೆಯ ನೀರು, ಮೂಗಿಗೇರಿದ ಪಾಚಿಯ ವಾಸನೆ, ಮುಷ್ಟಿಯಲ್ಲಿ ಒದ್ದೆ ಕೂದಲು. ಅವನು ಬೆಚ್ಚಿದ. ಇದು ಈಗ ಹುಟ್ಟಿದ್ದೋ, ಮೊದಲಿನಿಂದ ಇದ್ದು ಮರೆತದ್ದೋ? ಈಗ ಸ್ಪಷ್ಟವೋ, ಮೊದಲು ಸ್ಪಷ್ಟವಿತ್ತೋ? ದಡದಲ್ಲಿ ಅಂಗಿ ಹಿಡಿದು ನಿಂತವನ ಮುಖವನ್ನು ನೆನಪಿಸಿಕೊಳ್ಳಲು ನೋಡಿದ. ಅಲ್ಲಿ ಯಾರೋ ನಿಂತಿದ್ದರು. ಯಾರೆಂದು ಕಾಣಲಿಲ್ಲ.

ಅಂಚೆ ಕಚೇರಿಯ ಗೋಡೆಗೆ ಒಂದು ಕಟ್ಟೆ ಇತ್ತು. ಕಾಲು ನೋಯುತ್ತದೆಂದು ಹೆಂಡತಿ ಅಲ್ಲಿ ಕೂತಳು. ನಾದಿನಿ ಗುಬ್ಬಿಯನ್ನು ಎಳೆದುಕೊಂಡು ಮಣ್ಣಿನ ಮಡಕೆ ಮಾಡುವುದನ್ನು ನೋಡಲು ಹೋದಳು. ಮಡಕೆಯ ಹತ್ತಿರ ಯಾರೋ ಹಳೆಯ ಫುಟ್ಬಾಲ್ ಆಟಗಾರ ಕಂಡಿದ್ದನಂತೆ. ಗಂಡ ಹೆಂಡತಿ ಇಬ್ಬರೇ ಉಳಿದರು. ಅವಳ ಕೈ ಈಗ ಅವಳ ಮಡಿಲಿಗೆ ಹೋಗಿತ್ತು.

"ಅತ್ತೆ ಚೆನ್ನಾಗಿದ್ದಾರೆ ಅಂದ್ರಿ," ಎಂದಳು.

"ಆ ಗಲಾಟೆಯಲ್ಲಿ ಏನೋ..."

"ಹೂಂ."

ಎದುರಿಗೆ ಇಬ್ಬರು ಹುಡುಗಿಯರು ಸೀಮೆಸುಣ್ಣದಲ್ಲಿ ರಸ್ತೆಯ ಮೇಲೆ ದೊಡ್ಡ ಮೀನು ಬರೆಯುತ್ತಿದ್ದರು. ಜನ ಅದನ್ನು ತುಳಿಯದೆ ಸುತ್ತು ಹಾಕಿ ಹೋಗುತ್ತಿದ್ದರು.

"ಅಷ್ಟು ಜನದ ಮಧ್ಯೆ ಸಾವಿನ ಸುದ್ದಿ ಯಾಕೆ ಅಂದ್ಕೊಂಡ್ರೇನೋ," ಅವಳೇ ದಾರಿ ತೋರಿಸಿದಳು.

"ಹೌದು. ಹಾಗೇ."

"ಹೂಂ." ಅವಳು ಬಗ್ಗಿ ಪಾದ ಒತ್ತಿಕೊಂಡಳು. "ಅತ್ತೆ ನನ್ನ ಹತ್ತಿರ ಹೇಳ್ಕೊಂಡು ಕೊರಗ್ತಿದ್ರು. ಮಗ ಅಷ್ಟು ವರ್ಷ ಹಾಸ್ಟೆಲ್‌ನಲ್ಲಿದ್ದ, ಒಂದ್ಸಲಾನೂ ನನ್ನ ಅಲ್ಲಿಗೆ ಕರೀಲಿಲ್ಲ, ನನ್ನ ಸೀರೆ ನೋಡಿ ನಾಚಿಕೆ ಪಟ್ಕೊಂಡ ಅಂತ. ಆಸ್ಪತ್ರೆಗೆ ಹೊದಿಕೆ ತಂದವರು ಯಾರು?"

ಅವನು ಮೀನನ್ನೇ ನೋಡುತ್ತಿದ್ದ. ಅಮ್ಮ ಇದನ್ನು ಹೇಳಿದ್ದಳೆಂದು ಅವನಿಗೆ ಗೊತ್ತಿರಲಿಲ್ಲ. ಅಮ್ಮನನ್ನು ಬದುಕಿದ್ದಾಗ ಇಲ್ಲವೆನ್ನಿಸಿದ್ದ, ಸತ್ತ ಮೇಲೆ ಬದುಕಿಸಿದ್ದ, ಎರಡೂ ಸಲ ತನ್ನ ಮುಖ ಉಳಿಸಿಕೊಳ್ಳಲಿಕ್ಕೆ.

"ಒಂದು ಮಾತು ಹೇಳಬೇಕು," ಎಂದ.

"ಬೇಡ."

"ಆ ದಿನ ಹೊಂಡದ ಹತ್ತಿರ ನಾನು..."

"ಬೇಡ ಅಂದೆನಲ್ಲ." ಅವಳು ದನಿಯೇರಿಸಲಿಲ್ಲ. "ಗುಬ್ಬಿ ಮುಖ ನೋಡಿದ್ರಾ? ಯಾವತ್ತಾದ್ರೂ ಅವಳು ನಿಮ್ಮನ್ನ ಹಾಗೆ ನೋಡಿದ್ದಾಳಾ?"

"ಇಲ್ಲ."

"ನಾನು ನೋಡಿದ್ದೀನಾ?"

ಅವಳು ಎದ್ದು ಸೀರೆಯ ಹಿಂದಿನ ಧೂಳು ಕೊಡವಿಕೊಂಡಳು. ಅವನ ಅಂಗಿಯ ಕಾಲರು ಒಳಕ್ಕೆ ಮಡಚಿಕೊಂಡಿತ್ತು, ಅದನ್ನು ಎಳೆದು ಸರಿಮಾಡಿದಳು. ಮನೆಯಲ್ಲಿ ದಿಂಬಿನ ಚೀಲ ಸರಿಮಾಡುವಷ್ಟೇ ಶ್ರದ್ಧೆಯಿಂದ.

"ಹಾರಿದ್ದು ನೀವೇ," ಎಂದಳು. "ಅವರೇ ಹೇಳಿದ್ರಲ್ಲ. ಮುಗೀತು."

ಅವನಿಗೆ ಮೊದಲು ಹಗುರವಾಯಿತು. ಆಮೇಲೆ ಹೆದರಿಕೆಯಾಯಿತು. ಇನ್ನು ಮುಂದೆ ಊಟಕ್ಕೆ ಕೂರುವಾಗ, ಮಲಗುವಾಗ, ಕರೆಂಟು ಬಿಲ್ಲಿನ ಬಗ್ಗೆ ಮಾತಾಡುವಾಗ ಅವಳ ಎದುರಿಗೆ ಇರುವವನು ಹೊಂಡಕ್ಕೆ ಹಾರಿದ ಆ ಇನ್ನೊಬ್ಬ. ತನಗೆ ಹೇಳಿಕೊಳ್ಳಲು ಇದ್ದ ಒಬ್ಬಳೇ ಒಬ್ಬಳು ಬಾಗಿಲು ಹಾಕಿಕೊಂಡಳು. ಒಳಗೆ ಉಳಿದವರು ಯಾರು, ಹೊರಗೆ ಉಳಿದವರು ಯಾರು ಎಂದು ಅವನಿಗೆ ತಿಳಿಯಲಿಲ್ಲ.

"ಅಪ್ಪಾ!" ಗುಬ್ಬಿ ಓಡಿ ಬಂದಳು. ಅವಳ ಹಿಂದೆ ನಾದಿನಿ ನಗು ತಡೆಯಲಾರದೆ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಬರುತ್ತಿದ್ದಳು. "ಅಪ್ಪ, ಕಣ್ಣು ಮುಚ್ಕೋ. ಮುಚ್ಕೋ ಅಂದ್ರೆ! ಕದ್ದು ನೋಡಬಾರದು."

ಅವನು ಕಣ್ಣು ಮುಚ್ಚಿದ. ಮಗಳ ಪುಟ್ಟ ಕೈ ಅವನ ಕೈ ಹಿಡಿದು ಎಳೆಯಿತು. ಜನರ ಮೈ ತಾಗಿತು, ಯಾರೋ "ಸರೀರಿ, ಸರೀರಿ," ಎಂದರು. "ಈಗ ಬಿಡು," ಎಂದಳು ಗುಬ್ಬಿ.

ಕಣ್ಣು ಬಿಟ್ಟರೆ ಪ್ಲೈವುಡ್ಡಿನ ಬೆನ್ನು. ಆಳೆತ್ತರಕ್ಕಿಂತ ದೊಡ್ಡ ಹಲಗೆ, ಹಿಂದಿನಿಂದ ಎರಡು ಮರದ ಕಂಬ ಒರಗಿಸಿ ಮೊಳೆ ಹೊಡೆದಿದ್ದರು. ಮುಖದ ಎತ್ತರಕ್ಕೆ ಒಂದು ದುಂಡನೆಯ ತೂತು. ಮೇಳಗಳಲ್ಲಿ ಇಂಥವು ಇರುತ್ತವೆ. ಮುಂಭಾಗದಲ್ಲಿ ತಲೆಯಿಲ್ಲದ ಒಂದು ಮೈ ಬರೆದಿರುತ್ತಾರೆ. ರಾಜನದೋ, ಕುಸ್ತಿಯವನದೋ, ಕೋತಿಯದೋ. ತಲೆ ನಮ್ಮದು.

"ತೂರಿಸಿ ಭಾವ, ತೂರಿಸಿ," ನಾದಿನಿ ಅತ್ತ ಕಡೆಯಿಂದ ಕೂಗಿದಳು. "ಹಿಂದೆ ತುಂಬಾ ಜನ ಕಾಯ್ತಿದ್ದಾರೆ."

ಅವನು ಮುಖ ತೂರಿಸಿದ. ತೂತು ಚಿಕ್ಕದಿತ್ತು, ಕಿವಿ ಉಜ್ಜಿತು. ಸಂಜೆಗತ್ತಲಾಗಿತ್ತು, ಎದುರಿಗೆ ದೊಡ್ಡ ದೀಪ ಹಾಕಿದ್ದರು. ಬೆಳಕಿನ ಆಚೆ ಸಾಲಾಗಿ ತಲೆಗಳು. ಅದರಲ್ಲಿ ಹೆಂಡತಿ ಯಾವುದು, ಮಗಳು ಯಾವುದು ಎಂದು ಹೊಳೆಯಲಿಲ್ಲ. ಅವನು ಕಂಡ ಕೂಡಲೇ ಜನ ಗೊಳ್ಳೆಂದು ನಕ್ಕರು.

"ಏನು ಬರೆದಿದ್ದಾರೆ?" ಅವನು ಕೇಳಿದ.

ನಗು ಇನ್ನೂ ಜೋರಾಯಿತು.

"ಗುಬ್ಬಿ, ನಾನು ಏನಾಗಿದ್ದೀನಿ?"

"ಮಾತಾಡಬೇಡ ಅಪ್ಪ, ಫೋಟೋದಲ್ಲಿ ಬಾಯಿ ಹಾಳಾಗುತ್ತೆ!"

ಅವನು ಬಗ್ಗಿ ನೋಡಲು ಕತ್ತು ತಿರುಗಿಸಿದ. ತಿರುಗಲಿಲ್ಲ. ಹಲಗೆಯ ಅಂಚು ಗಂಟಲಿಗೆ ಒತ್ತಿತು. ಬೆಳಕಿನ ಆಚೆಯಿಂದ ಹೆಂಡತಿಯ ದನಿ ಕೇಳಿಸಿತು, ತೀರ ಹತ್ತಿರದಿಂದ, ತೀರ ಮೃದುವಾಗಿ:

"ಅಲ್ಲಾಡಬೇಡಿ. ಚೆನ್ನಾಗಿ ಕೂತಿದೆ."

ಎಲ್ಲರೂ ನಗುತ್ತಿದ್ದರು, ಅವನೂ ನಕ್ಕ. ಹಲಗೆಯ ಹಿಂದೆ, ಕತ್ತಲಲ್ಲಿ, ಅವನ ಎರಡು ಕೈಗಳು ಹಿಡಿದುಕೊಳ್ಳಲು ಏನಾದರೂ ಸಿಕ್ಕೀತೇ ಎಂದು ಒರಟು ಮರದ ಮೇಲೆ ತಡಕಾಡುತ್ತಿದ್ದವು.